ಚೀಲದ ತೂಕ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. 11 ವರ್ಷ ಆಯ್ತು. ರೋಬಸ್ಟಾ ಕುಯ್ಲು ಶುರುವಾದರೆ ಸಂಜೆ ಕಣದಲ್ಲಿ ತೂಕ ಹಾಕುವುದು ನನ್ನ ಕೆಲಸ. ಕಿಲೋ ಲೆಕ್ಕದ ಕೂಲಿ. ಪುಸ್ತಕದಲ್ಲಿ ನಾನು ಬರೆದದ್ದೇ ಅವರ ದುಡ್ಡು.

ಚೀಲ ಇಬ್ಬನಿಗೆ ನೆಂದಿರುತ್ತೆ, ಎಲೆ ಕಡ್ಡಿ ಸೇರಿರುತ್ತೆ ಅಂತ ಪ್ರತಿ ಮೂಟೆಗೂ ಒಂದೂವರೆ ಕಿಲೋ ಕಳೆಯುತ್ತಿದ್ದೆ. ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗ ಕುಯ್ಲಿಗೆ ಬಂದ. ಅವನ ಮೂಟೆಗೆ ಮಾತ್ರ ಕಳೆಯಲಿಲ್ಲ. ಒಂದು ದಿನ ಅಲ್ಲ, ಇಡೀ ವಾರ. ಒಂದು ಸಂಜೆ ವಯಸ್ಸಾದ ಹೆಂಗಸೊಬ್ಬರು, ಕಾಫಿ ಕರೆ ಹಿಡಿದು ಬೆರಳೆಲ್ಲ ಕಪ್ಪಾಗಿತ್ತು, ತಕ್ಕಡಿ ಪಕ್ಕ ನಿಂತು ಮೆಲ್ಲಗೆ ಕೇಳಿದರು. "ರೈಟ್ರೇ, ಆ ಹುಡುಗನ ಚೀಲಕ್ಕೆ ತೂಕವೇ ಇಲ್ವಾ?"

ಸಾವ್ಕಾರ್ರು ಅಲ್ಲೇ ಇದ್ದರು. ಮಿಲಿಟರಿಯಿಂದ ರಿಟೈರ್ ಆದವರು. ಬೈಯಲಿಲ್ಲ. ಎಲ್ಲರೂ ಲೈನ್ ಮನೆಗೆ ಹೋದ ಮೇಲೆ ಕಣದ ಕಟ್ಟೆ ಮೇಲೆ ಕೂತು, "ನಂದಾ ಕಾರ್ಯಪ್ಪ ಅವರ ಕಥೆ ಗೊತ್ತಲ್ವಾ?" ಅಂದರು.

ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? 1965ರ ಯುದ್ಧ. ಬಾಂಬು, ರಾಕೆಟ್ ಹಾಕಿ ನೆಲದ ಮೇಲಿನ ಗುರಿಗಳಿಗೆ ಹೊಡೆಯುವ ಹಂಟರ್ ವಿಮಾನದ ಪೈಲಟ್ ಅವರು. ಸೆಪ್ಟೆಂಬರ್ 22ಕ್ಕೆ, ಇನ್ನೇನು ಕದನವಿರಾಮ ಅನ್ನುವಾಗ, ಕೆಳಗಿನಿಂದ ಬಂದ ಗುಂಡು ವಿಮಾನಕ್ಕೆ ಬಡಿಯಿತು. ಹೊರಗೆ ಹಾರಿದರು, ಬೆನ್ನುಮೂಳೆಗೆ ಪೆಟ್ಟಾಯಿತು, ಪಾಕಿಸ್ತಾನದವರ ಕೈಗೆ ಸಿಕ್ಕಿ ಯುದ್ಧಕೈದಿಯಾದರು. ಅಪ್ಪ ಯಾರು? ನಮ್ಮ ಕಾರ್ಯಪ್ಪನವರು, 1949ರಲ್ಲಿ ಭಾರತದ ಸೇನೆಗೆ ಮೊದಲ ಭಾರತೀಯ ಮುಖ್ಯಸ್ಥರಾದವರು. ಆಗ ರಿಟೈರ್ ಆಗಿ ಮಡಿಕೇರಿಯ ರೋಶನಾರಾ ಮನೆಯಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಒಂದೇ ಸೇನೆಯಲ್ಲಿ ಇವರ ಕೈಕೆಳಗೆ ಇದ್ದವರು. ಆ ಹಳೆ ಪರಿಚಯಕ್ಕೆ, ನಿಮ್ಮ ಮಗನನ್ನು ಬಿಟ್ಟುಬಿಡುತ್ತೇವೆ ಅಂತ ಹೇಳಿ ಕಳಿಸಿದರು. ಕಾರ್ಯಪ್ಪನವರು ಒಪ್ಪಲಿಲ್ಲ. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಅಂದರು. ಮಗ ವಾಪಸ್ ಬಂದದ್ದು 1966ರ ಜನವರಿಯಲ್ಲಿ, ತಾಷ್ಕೆಂಟ್ ಒಪ್ಪಂದ ಆದ ಮೇಲೆ. ಮುಂದೆ ಏರ್ ಮಾರ್ಷಲ್ ಕೂಡ ಆದರು. ನಾಲ್ಕು ತಿಂಗಳು! ಮುರಿದ ಬೆನ್ನಿನ ಮಗ ಶತ್ರುವಿನ ಕೈಯಲ್ಲಿ, ಬಿಡಿಸಿಕೊಳ್ಳುವ ದಾರಿ ಅಪ್ಪನ ಕೈಯಲ್ಲಿ. ಆ ಮನೆಯಲ್ಲಿ ರಾತ್ರಿ ಹೇಗೆ ಕಳೆದಿರಬಹುದು ಅಂತ ನೆನೆದರೆ ನನಗೆ ಈಗಲೂ ಹೊಟ್ಟೆ ಹಿಂಡುತ್ತೆ.

ಚಿಕ್ಕಂದಿನಿಂದ ಕೇಳಿದ ಕಥೆಯೇ. ಮಗನನ್ನು ಬಿಡಿಸಿಕೊಳ್ಳಲಿಲ್ಲ ಅನ್ನುವುದಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು. ಹಾಗಾಗಿ, "ನಾಳೆಯಿಂದ ನಮ್ಮ ಹುಡುಗನಿಗೂ ಒಂದೂವರೆ ಕಳೀತೀನಿ ಸಾವ್ಕಾರ್ರೇ" ಅಂದೆ.

"ಅವನಿಗೆ ಕಳೆದ್ರೆ ಆ ಅಜ್ಜಿಗೆ ಏನು ಬಂತು?" ಅಂದರು. "ಎಲ್ಲರನ್ನೂ ನೋಡಿಕೊಳ್ಳಿ ಅಂದ್ರಲ್ಲ, ಅದನ್ನ ಯಾಕಪ್ಪ ಬಿಟ್ಟೆ?"

ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕನ ಮಗನ ಚೀಲದ ಬಗ್ಗೆ ನನಗೆ ಅಷ್ಟು ಕಾಳಜಿ ಬಂದದ್ದು ಅವನು ನಮ್ಮವನು ಅಂತ. ಉಳಿದ 40 ಜನರ ಚೀಲದ ನಿಜವಾದ ತೂಕ ಎಷ್ಟು ಅಂತ ನಾನು ಒಂದು ಸಲವೂ ನೋಡಿರಲಿಲ್ಲ.

ಮರುದಿನ ಹಣ್ಣು ಸುರಿದ ಮೇಲೆ ಖಾಲಿ ಚೀಲವನ್ನೂ ತಕ್ಕಡಿಗೆ ಹಾಕಿದೆ, ಒಬ್ಬೊಬ್ಬರದ್ದೂ, ಅವರ ಕಣ್ಣೆದುರೇ. ಕತ್ತಲಾಯಿತು, ಮೇಸ್ತ್ರಿ ಟಾರ್ಚ್ ಹಿಡಿದು ನಿಂತ. ಆ ಅಜ್ಜಿಯ ಚೀಲ 700 ಗ್ರಾಂ ಇತ್ತು.

ಹಳೆ ಪುಸ್ತಕ ತೆಗೆದು, ಆ ಕುಯ್ಲಿನ ಮೊದಲ ದಿನದಿಂದ ಲೆಕ್ಕ ಹಾಕಲು ಕೂತೆ.