ಕಿರೀಟ ಬಿಟ್ಟು ಕಾಲು ನೋಡಿ

ತಿಪಟೂರಿನಲ್ಲಿ ರೈಲಿಳಿದು ಅರಳಗುಪ್ಪೆಯ ದಾರಿ ಹಿಡಿದರೆ ಎರಡೂ ಬದಿಗೆ ತೆಂಗಿನ ತೋಟಗಳೇ. ಹೊಯ್ಸಳರ ಕಾಲದ ಚೆನ್ನಕೇಶವನಿಗೆ ಕೈಮುಗಿದು ಬೇಗನೆ ಹೊರಟೆವು. ನಮಗೆ ಬೇಕಾಗಿದ್ದವನು 9ನೇ ಶತಮಾನದ ಕಲ್ಲೇಶ್ವರ.

ನೊಳಂಬ ಅರಸರ ಕಾಲದ ಈ ಗುಡಿಯೊಳಗೆ ಕತ್ತೆತ್ತಿದರೆ ಛಾವಣಿಯ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು. ಮಂಡಿ ಬಾಗಿದೆ, ಮೈ ವಾಲಿದೆ. ಆದರೆ ಈ ಭಂಗಿಗೆ ಮುಂಚಿನ ಹೆಜ್ಜೆ ಯಾವುದು, ಮುಂದಿನದು ಯಾವುದು? ಕಲ್ಲು ಬಾಯಿ ಬಿಡುವುದಿಲ್ಲ. ಚಿದಂಬರದ ಗೋಪುರದಲ್ಲಿ ನಾಟ್ಯಶಾಸ್ತ್ರದ ಶ್ಲೋಕಗಳೊಂದಿಗೇ ಕರಣಗಳನ್ನು, ಅಂದರೆ ಕೈಕಾಲುಗಳು ಕೂಡಿದ ನೃತ್ಯದ ಘಟಕಗಳನ್ನು, ಕೆತ್ತಿದ್ದರೂ ಅವುಗಳ ಚಲನೆಯ ಕುರಿತ ವಿದ್ವಾಂಸರ ವಾದ ಮುಗಿದಿಲ್ಲ.

ಸಂಜೆ ಪಕ್ಕದ ಹಳ್ಳಿಯಲ್ಲಿ, ಬಯಲುಸೀಮೆಯ ಮೂಡಲಪಾಯ ಯಕ್ಷಗಾನದ ಹಿರಿಯ ವೇಷಧಾರಿಯೊಬ್ಬರ ಮನೆಗೆ ಹೋದೆವು. ಅಟ್ಟದಿಂದ ಇಳಿಸಿದ ಮರದ ಭುಜಕೀರ್ತಿಯ ಬೇಗಡೆ ಅಂಚಿನಲ್ಲಿ ಕಿತ್ತುಬಂದಿತ್ತು. ಹೆಗಲು ತರಚದಿರಲೆಂದು ಒಳಮೈಗೆ ಹಳೆಯ ಪಂಚೆಯ ತುಂಡು ಅಂಟಿಸಿದ್ದರು. ಯಜಮಾನರು ಪಂಚೆ ಎತ್ತಿಕಟ್ಟಿ, ಬಾಯಲ್ಲೇ ತಾಳ ಹೇಳಿಕೊಂಡು ರಾಜವೇಷದ ಹೆಜ್ಜೆ ಹಾಕತೊಡಗಿದರು. ನನ್ನ ಅಕ್ಕನ ಮಗ ಮೊಬೈಲ್ ಹಿಡಿದ. ಅವರು ಅರ್ಧಕ್ಕೇ ನಿಂತು, “ಮುಖ ಎಲ್ಲಿಗೂ ಓಡಿಹೋಗುವುದಿಲ್ಲಪ್ಪ, ಕೆಳಗೆ ಹಿಡಿ” ಎಂದರು. ಹಿಡಿದ ಮೇಲೆ ಕಂಡಿತು: ಬಲ ಹಿಮ್ಮಡಿ ನೆಲಕ್ಕೂರಿ ಚಣಹೊತ್ತು ತಡೆಯುತ್ತದೆ, ಆ ತಡೆಯಲ್ಲೇ ಎಡಗಾಲು ಅಡ್ಡ ಬೀಳುತ್ತದೆ.

ಈಗ ಯಕ್ಷಗಾನದ ಆಟಗಳ ವಿಡಿಯೊಗಳಿಗೇನೂ ಬರವಿಲ್ಲ. ನಾನು ನೋಡಿದವುಗಳಲ್ಲಿ ಬಹುಪಾಲು ಕಿರೀಟದಿಂದ ಸೊಂಟದವರೆಗೆ ಮಾತ್ರ. ಮುಖವೀಣೆ ಎಂಬ ಊದುವ ವಾದ್ಯದ ದನಿಯಂತೂ ಮೈಕಿನ ಅಬ್ಬರದಲ್ಲಿ ಅಡಗಿಹೋಗಿರುತ್ತದೆ. ಇದನ್ನು ದಾಖಲೀಕರಣ ಎನ್ನಲು ನನಗೆ ಮನಸ್ಸಿಲ್ಲ. ಕುಣಿತವನ್ನು ಚಿಹ್ನೆಗಳಲ್ಲಿ ಬರೆದಿಡಲೆಂದು ಯುರೋಪಿನ ನೃತ್ಯಚಿಂತಕ ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿಯನ್ನು ಪುಟದ ಕೆಳಗಿನಿಂದ ಮೇಲಕ್ಕೆ ಓದಬೇಕು. ಅದರ ನಡುಗೆರೆಗೆ ಅಂಟಿಕೊಂಡೇ ಮೈಭಾರ ಹೊರುವ ಕಾಲುಗಳ ಜಾಗವಿದೆ, ಕೈಗಳೆಲ್ಲ ಆಚೆಗೆ. ಚಿಹ್ನೆ ಉದ್ದವಾದಷ್ಟೂ ಚಲನೆಗೆ ಹೆಚ್ಚು ಹೊತ್ತು. ಯಜಮಾನರ ಆ ತಡೆಯನ್ನೂ ಹಾಗೆ ಅಳೆದು ಬರೆದಿಡಬಹುದು.

ಆದರೆ ಭಾಗವತರು ಪದವನ್ನು ಎಳೆದಾಗ ಎಷ್ಟು ತಡೆಯಬೇಕೆಂಬುದು ಜೊತೆಗೆ ಕುಣಿದವರಿಗೇ ಗೊತ್ತು. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಗೆ ಅರಮನೆ ನೃತ್ಯದ ಗುರುಗಳಲ್ಲಿ ಬಹಳ ಮಂದಿ ಬಲಿಯಾದರು. ಉಳಿದ ಕೆಲವರು ನೆನಪಿನಿಂದಲೇ ಮಕ್ಕಳಿಗೆ ಕಲಿಸಿ ಅದನ್ನು ಎತ್ತಿ ನಿಲ್ಲಿಸಿದರು. ಯುನೆಸ್ಕೊ ಮನ್ನಣೆ ಬಂದದ್ದು ಆಮೇಲೆ, 2003ರಲ್ಲಿ.

“ನಿಮ್ಮಲ್ಲಿ ಯಾರು ಕಲಿಯುತ್ತಿದ್ದಾರೆ?” ಎಂದು ಕೇಳಿದೆ. ಹುಡುಗರಿಗೆ ಪುರುಸೊತ್ತಿಲ್ಲವಂತೆ, ಮೊಮ್ಮಗಳು ಕಲಿಯುತ್ತಿದ್ದಾಳಂತೆ. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಆಟ ಇದು! ಶಾಲೆಯ ಚೀಲ ಇಟ್ಟು ಬಂದ ಆ ಹುಡುಗಿ ಅದೇ ಹೆಜ್ಜೆ ಹಾಕಿದಳು. ತಡೆ ಸಾಲದೆಂದು ತಾತ ತಾಳ ನಿಲ್ಲಿಸಿ ಮತ್ತೆ ಹಾಕಿಸಿದರು.

ಯುಗಾದಿಯ ಆಟದಲ್ಲಿ ಅವಳದೂ ಒಂದು ವೇಷವಿದೆ. “ಬೆಳಗಿನವರೆಗೂ ನಡೆಯುತ್ತದೆ, ಚಾಪೆ ತನ್ನಿ ಸ್ವಾಮಿ” ಎಂದರು ಯಜಮಾನರು. “ಹಿಂದೆ ಕೂತರೆ ಕಾಲು ಕಾಣುವುದಿಲ್ಲ. ಮದ್ದಳೆಯವರ ಪಕ್ಕ ಜಾಗ ಮಾಡಿಸುತ್ತೇನೆ.”