ಅಪ್‌ರೈಟ್‌ನಲ್ಲಿ ಟೊಕ್ಕಟೀನಾ: ಆರು ವಾರದ ಕೆಲಸ

ಸ್ಥಳ ಮೈಸೂರಿನ ಸರಸ್ವತೀಪುರಂ, ತಿಂಗಳು ಜುಲೈ, ಹೊರಗೆ ಬಿಡದ ಜಿನುಗು ಮಳೆ. ಸೋವಿಯತ್ ಸಂಯೋಜಕ ನಿಕೊಲಾಯ್ ಕಪುಸ್ತಿನ್ 1984ರಲ್ಲಿ ಪಿಯಾನೊಗೆ ಬರೆದ ಎಂಟು ಕನ್ಸರ್ಟ್ ಎಟ್ಯೂಡ್‌ಗಳಲ್ಲಿ (ಕೈಚಳಕದ ಅಭ್ಯಾಸ ಕೃತಿಗಳು, ಓಪಸ್ 40) ಮೂರನೆಯದು ಟೊಕ್ಕಟೀನಾ. ಅದನ್ನು ಹಳೇ ಅಪ್‌ರೈಟ್ ಪಿಯಾನೊದಲ್ಲಿ (ತಂತಿ ನೆಟ್ಟಗೆ ನಿಂತಿರುವಂಥದ್ದು) ಎಷ್ಟು ವೇಗಕ್ಕೆ ಏರಿಸಬಹುದು ಅನ್ನುವುದೇ ಇಲ್ಲಿನ ಲೆಕ್ಕ. ರಷ್ಯನ್ ಸಂಯೋಜಕ ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಅರ್ಪಿಸಿದ್ದು ಇದೇ ಊರಿನ ಮಹಾರಾಜ ಜಯಚಾಮರಾಜ ಒಡೆಯರಿಗೆ. ಆದರೂ ಇಲ್ಲಿನ ಮನೆಗಳಲ್ಲಿ ಗ್ರ್ಯಾಂಡ್ (ತಂತಿ ಅಡ್ಡಲಾಗಿ ಮಲಗಿದ ದೊಡ್ಡ ಪಿಯಾನೊ) ಅಪರೂಪವೇ.

ಕಪುಸ್ತಿನ್ (1937–2020) ಮಾಸ್ಕೊ ಕನ್ಸರ್ವೇಟರಿಯಲ್ಲಿ ಗೋಲ್ಡನ್‌ವೈಸರ್ ಬಳಿ ಕಲಿತವರು, ಆಮೇಲೆ ಸುಮಾರು ಹನ್ನೊಂದು ವರ್ಷ ಒಲೆಗ್ ಲುಂಡ್‌ಸ್ಟ್ರೆಮ್‌ನ ಜಾಝ್ ವಾದ್ಯವೃಂದದಲ್ಲಿ ನುಡಿಸಿದವರು. ಅವರ ಸಂಗೀತ ಕೇಳಲು ಮನೋಧರ್ಮದ ಹಾಗಿದ್ದರೂ ಒಂದೊಂದು ಸ್ವರವೂ ಬರೆದಿಟ್ಟದ್ದು. ಕಲ್ಪನಾಸ್ವರವಲ್ಲ, ಚಿಟ್ಟೆಸ್ವರ. ಹಾಗಾಗಿ ‘ಸ್ವಲ್ಪ ಸ್ವಿಂಗ್ ಇರಲಿ’ ಅಂತ ಹದಿನಾರನೇ ಸ್ವರಗಳನ್ನು (ಒಂದು ಎಣಿಕೆಗೆ ನಾಲ್ಕು) ಎಳೆದಾಡಿದರೆ ಕೆಟ್ಟಿತು. ಇಲ್ಲಿ ಸಮ ಎಣಿಕೆಯೇ ಜೀವ. ಜಾಝ್ ಇರುವುದು ಒತ್ತಿನಲ್ಲಿ ಮತ್ತು ಹಾರ್ಮನಿಯಲ್ಲಿ.

1–2ನೇ ವಾರ. ಟೊಕ್ಕಟೀನಾ ನಿಂತಿರುವುದು ಒಂದೇ ಸ್ವರದ ಮರುಹೊಡೆತದ ಮೇಲೆ. ಗ್ರ್ಯಾಂಡ್‌ನಲ್ಲಿ ಕೀ ಅರ್ಧ ಮೇಲೆ ಬಂದರೂ ತಂತಿಗೆ ಬಡಿಯುವ ಹ್ಯಾಮರ್ ಮತ್ತೆ ಹೊಡೆಯುತ್ತದೆ (ಪಿಯಾನೊ ತಯಾರಕ ಎರಾರ್ 1821ರಲ್ಲಿ ತಂದ ಏರ್ಪಾಡು). ಅಪ್‌ರೈಟ್‌ನಲ್ಲಿ ಕೀ ಹೆಚ್ಚುಕಡಿಮೆ ಪೂರ್ತಿ ಮೇಲೇಳಬೇಕು. ಸೆಕೆಂಡಿಗೆ ಏಳು ಹೊಡೆತ ಸಿಕ್ಕರೆ ದೊಡ್ಡದು, ಅಂದರೆ ಎಣಿಕೆಗೆ ನಾಲ್ಕು ಹೊಡೆತದಂತೆ ಮೆಟ್ರೊನೋಮ್‌ನಲ್ಲಿ ನಿಮಿಷಕ್ಕೆ 105 ಎಣಿಕೆ. ಅಷ್ಟಾದರೂ ಸಿಗಬೇಕಾದರೆ ಮೊದಲು ಆಕ್ಷನ್ (ಕೀಯಿಂದ ಹ್ಯಾಮರ್ ತನಕದ ಯಂತ್ರಭಾಗ) ಸರಿಯಿರಬೇಕು.

ಅಳತೆ ಹೀಗೆ ಇಡಲಾಯಿತು: ಹ್ಯಾಮರ್‌ನಿಂದ ತಂತಿಗೆ 45 ಮಿ.ಮೀ., ಕೀ ಇಳಿತ 10, ಲೆಟ್-ಆಫ್ (ಹ್ಯಾಮರ್ ಕೀಯ ತಳ್ಳಿನಿಂದ ಬಿಡುವ ಜಾಗ) ತಂತಿಯಿಂದ 3, ಬ್ಯಾಕ್‌ಚೆಕ್ (ವಾಪಸ್ ಬರುವ ಹ್ಯಾಮರ್ ಹಿಡಿಯುವ ತುಂಡು) ಹಿಡಿಯುವುದು ತಂತಿಯಿಂದ 15ಕ್ಕೆ. ತೊಡಕು ಇದ್ದದ್ದು ಕ್ಯಾಪ್‌ಸ್ಟನ್‌ನಲ್ಲಿ, ಅಂದರೆ ಕೀಯ ಹಿಂಬದಿಯಲ್ಲಿ ಆಕ್ಷನ್ ಎತ್ತುವ ತಿರುಪಿನಲ್ಲಿ. ಅದು ಕೆಳಗಿದ್ದರೆ ಕೀ ಒಂದಿಷ್ಟು ಪೊಳ್ಳಾಗಿ ಇಳಿದ ಮೇಲೆಯೇ ಹ್ಯಾಮರ್ ಅಲುಗುತ್ತದೆ. ಆ ಸಡಿಲ ತೆಗೆಯುವ ಆತುರದಲ್ಲಿ ಜಾಸ್ತಿ ತಿರುಗಿಸಿದರೆ ಇನ್ನೂ ಎಡವಟ್ಟು: ಹ್ಯಾಮರ್ ತಳ್ಳುವ ತುಂಡಾದ ಜ್ಯಾಕ್‌ಗೆ ಅದರ ಬುಡದ ಕೆಳಗೆ ವಾಪಸ್ ನುಸುಳಲು ಜಾಗವಿಲ್ಲದೆ ಎರಡನೇ ಹೊಡೆತ ಮೂಕವಾಗುತ್ತದೆ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನುಡಿಸಿ ನೋಡಿ, ಮತ್ತೆ ತಿರುಗಿಸುವುದು ವಾಸಿ.

3ನೇ ವಾರ. ಮಳೆಗೆ ಐದು ಕೀ ಅಂಟಿಕೊಂಡವು. ಕೀಯ ರಂಧ್ರದ ಒಳಗಿನ ಬುಶಿಂಗ್ ಬಟ್ಟೆ ತೇವ ಕುಡಿದು ಊದಿತ್ತು. ಇಕ್ಕಳದಲ್ಲಿ ಮೆಲ್ಲಗೆ ಒತ್ತಿದ್ದಕ್ಕೆ ನಾಲ್ಕು ಬಿಟ್ಟವು. ಐದನೆಯದರಲ್ಲಿ ತಪ್ಪು ಕೀಯದಲ್ಲ, ಹ್ಯಾಮರ್ ತಿರುಗುವ ಸೆಂಟರ್ ಪಿನ್ ಬಿಗಿಯಾಗಿತ್ತು, ಪಿನ್ ಬದಲಿಸಬೇಕಾಯಿತು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಲೇಬೇಡಿ. ಎರಡು ದಿನ ಬೆಣ್ಣೆಯ ಹಾಗೆ ಓಡಿ, ಆಮೇಲೆ ಧೂಳು ಹಿಡಿದು ಗೋಂದಾಗುತ್ತದೆ. ಒಳಗೆ ಸಣ್ಣ ಬಲ್ಬ್ ಉರಿಸುವ ಹಳೇ ಉಪಾಯ ಮಳೆಗಾಲಕ್ಕೆ ಮಾತ್ರ. ಒಣಹವೆಯ ಮಾರ್ಚ್‌ನಲ್ಲೂ ಬಿಟ್ಟರೆ ಸೌಂಡ್‌ಬೋರ್ಡ್ (ನಾದ ಹೊಮ್ಮಿಸುವ ಹಲಗೆ) ಸೀಳುತ್ತದೆ.

4–6ನೇ ವಾರ. ಬೆರಳಿಗೆ 4-3-2-1 ಸುಲಭ ಅನಿಸುತ್ತದೆ, ಆದರೆ ಪ್ರತಿ ಎಣಿಕೆಯ ಒತ್ತೂ ದುರ್ಬಲ ನಾಲ್ಕನೇ ಬೆರಳಿಗೇ ಬೀಳುತ್ತದೆ. 3-2-1 ಹಿಡಿದರೆ ಒತ್ತು ಮೂರು ಬೆರಳಿಗೂ ಸುತ್ತುತ್ತದೆ. ಅಭ್ಯಾಸಕ್ಕೆ 3-2-1, ವೇಗಕ್ಕೆ 4-3-2-1. ಕೀಯ ಮುಂದಿನ ಅಂಚಿನಲ್ಲೇ ನುಡಿಸಿ, ತಳಕ್ಕೆ ಒತ್ತಿ ಹಿಡಿಯಬೇಡಿ. ಸ್ವರ ನುಂಗಿಹೋಗುವುದಕ್ಕೆ ಮುಕ್ಕಾಲು ಪಾಲು ಕಾರಣ ಬೆರಳು ಬಿಡದಿರುವುದೇ.

ಒತ್ತು ಎಣಿಕೆಯಿಂದ ಜಾರುವ ಕಡೆ ಬಾಯಲ್ಲಿ ಹೇಳುವುದೇ ಮದ್ದು: ಎಂಟು ಹೊಡೆತಕ್ಕೆ ‘ತಕಿಟ ತಕಿಟ ತಕ’, ಕೈಯಲ್ಲಿ ಚತುರಶ್ರ ತಾಳ. ಬಾಯಿಗೆ ಬಾರದ್ದು ಬೆರಳಿಗೆ ಬಂದರೂ ವೇಗ ಏರಿದಾಗ ಚದುರುತ್ತದೆ. ಆಮೇಲೆ ಮೆಟ್ರೊನೋಮ್ ಅನ್ನು ಅರ್ಧಕ್ಕಿಳಿಸಿ, ಆ ಟಿಕ್ ಎರಡನೇ ಮತ್ತು ನಾಲ್ಕನೇ ಎಣಿಕೆಯದು ಅಂದುಕೊಂಡು ನುಡಿಸುವುದು. 48ಕ್ಕೆ ಇಟ್ಟರೆ ನಿಜವಾದ ವೇಗ 96.

ಸದ್ಯ 96ರಲ್ಲಿ ಸ್ವಚ್ಛ, 100ರಲ್ಲಿ ಮೇಲಿನ ಸ್ವರಗಳು ಒಮ್ಮೊಮ್ಮೆ ಕೈಕೊಡುತ್ತವೆ. ಶ್ರುತಿ ಇನ್ನೂ ಮುಟ್ಟಿಲ್ಲ. ನಡುವಿನ ‘ಎ’ ಸ್ವರ 432 ಹರ್ಟ್ಸ್‌ನಲ್ಲಿದೆ, ಅಂದರೆ ರೂಢಿಯ 440ಕ್ಕಿಂತ ಸುಮಾರು 32 ಸೆಂಟ್ (ಒಂದು ಸೆಂಟ್ ಅರ್ಧಸ್ವರದ ನೂರನೇ ಒಂದು ಪಾಲು) ಕೆಳಗೆ. ಸೌಂಡ್‌ಬೋರ್ಡ್ ತೇವಕ್ಕೆ ಉಬ್ಬಿರುವಾಗ ಏರಿಸಿದ್ದು ಫೆಬ್ರವರಿಯ ಒಣಹವೆಗೆ ಇಳಿದುಬಿಡುತ್ತದೆ. ಅದಕ್ಕೇ ಆ ಕೆಲಸ ನವೆಂಬರ್‌ಗೆ, ಎರಡು ಸುತ್ತಿನಲ್ಲಿ: ಮೊದಲು 442ರ ತನಕ ಒರಟಾಗಿ ಎಳೆದು, ಇಳಿಯಲು ಬಿಟ್ಟು, ಎರಡು ವಾರದ ಮೇಲೆ ಸೂಕ್ಷ್ಮವಾಗಿ.