ಆ ನೀರಿನ ಲೋಟ

ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. "ಕುಡಿಯಿರಿ" ಅಂದರು. ದನಿ ಮೆತ್ತಗಿತ್ತು, ಮರ್ಯಾದೆ ಇತ್ತು. ಆದರೆ ಅವರು ಕೂರಲಿಲ್ಲ. ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

ಕೋರ್ಟಿನ ಷರತ್ತಿನ ಮೇಲೆ ಮಾನಸಿಕ ಆಸ್ಪತ್ರೆಯ ವಾರ್ಡಿನಿಂದ ಮನೆಗೆ ಹೋದವರ ಫಾಲೋಅಪ್ ನನ್ನ ಕೆಲಸ. ನೀರು ಕೊಟ್ಟ ಇವರಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನೋರೋಗ. ಹಿಂದೆ ಪಕ್ಕದ ಮನೆಯವರ ಮೇಲೆ ಕಬ್ಬಿಣದ ರಾಡಿನಿಂದ ಹಲ್ಲೆ ಮಾಡಿದ್ದರು. ಷರತ್ತು ಮೂರು: 4 ವಾರಕ್ಕೊಮ್ಮೆ ಹ್ಯಾಲೊಪೆರಿಡಾಲ್ ಡಿಪೋ (ಮೈಯಲ್ಲಿ ವಾರಗಟ್ಟಲೆ ನಿಧಾನಕ್ಕೆ ಕೆಲಸ ಮಾಡುವ ಇಂಜೆಕ್ಷನ್), 15 ದಿನಕ್ಕೊಮ್ಮೆ ಭೇಟಿ, ಕುಡಿತ ಬಂದ್.

ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ಒಂದು ಇಂಜೆಕ್ಷನ್ ತಪ್ಪಿತು. ಜ್ವರ ಅಂತ ಫೋನ್ ಮಾಡಿದರು. ಮುಂದಿನ ದಿನಾಂಕ ಕೊಟ್ಟೆ, ಅದಕ್ಕೂ ಬರಲಿಲ್ಲ. ಫೋನ್ ಮಾಡಿದರೆ ಮಾತ್ರ ಚೆನ್ನಾಗಿ ಮಾತಾಡುತ್ತಿದ್ದರು. ನಿದ್ದೆ ಬರುತ್ತಾ? ಬರುತ್ತೆ. ಯಾರದಾದರೂ ದನಿ ಕೇಳಿಸುತ್ತಾ? ಇಲ್ಲ. ನಾನು ಕೇಸ್ ಶೀಟಿನಲ್ಲಿ 'ಸ್ಟೇಬಲ್' ಅಂತ ಬರೆದೆ. ಮೂರು ಸಲ ಬರೆದೆ.

ನನ್ನ ಮನಸ್ಸಿನಲ್ಲಿದ್ದ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಇಂಜೆಕ್ಷನ್ ಇಲ್ಲದೆ ಆರು ವಾರ ಆರಾಮಾಗಿದ್ದಾರೆ ಅಂದರೆ ಅಷ್ಟೇನೂ ಅವಸರ ಇಲ್ಲ ಅಂದುಕೊಂಡಿದ್ದೆ. ಇದು ಶುದ್ಧ ತಪ್ಪು ಲೆಕ್ಕ. ಆ ಡಿಪೋ ಮೈಯಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು 3 ವಾರ ಬೇಕು. ಅವರನ್ನು ಹಿಡಿದು ನಿಲ್ಲಿಸಿದ್ದು ಹಳೆಯ ಡೋಸ್‌ನ ಉಳಿಕೆ. ನಾನು ಅದನ್ನೇ ಗುಣ ಅಂತ ನಂಬಿದೆ. ಇಷ್ಟು ವರ್ಷದ ಅನುಭವ ಇದ್ದೂ ನಂಬಿದೆ.

ಅವರ ತಾಯಿ ಎರಡು ಸಲ ಫೋನ್ ಮಾಡಿದ್ದರು. "ಮೇಡಂ, ನಾನು ಮಾಡಿದ ಅಡುಗೆ ತಿನ್ನಲ್ಲ. ಕೊಳಾಯಿ ನೀರು ಮುಟ್ಟಲ್ಲ. ಬಾಟಲಿ ನೀರೇ ಬೇಕಂತೆ, ಅದೂ ಅವನೇ ಮುಚ್ಚಳ ತೆಗೀಬೇಕಂತೆ." "ಅಮ್ಮಾ, ಮುಂದಿನ ಭೇಟಿಯಲ್ಲಿ ಮಾತಾಡೋಣ" ಅಂದೆ. ತಾಯಿಯ ಆತಂಕ ಅಂದುಕೊಂಡು ಸುಮ್ನೆ ಇದ್ದುಬಿಟ್ಟೆ.

ಪಕ್ಕದ ಮನೆಯವರಿಗೆ ಹೊಡೆಯುವ ಮುಂಚೆ ಎರಡು ವಾರ ಅವರು ಕೊಳಾಯಿ ನೀರು ಕುಡಿದಿರಲಿಲ್ಲ. ನೀರಿಗೆ ವಿಷ ಬೆರೆಸಿದ್ದಾರೆ ಅನ್ನುವುದೇ ಅವತ್ತಿನ ಭಯ. ಇದು ಹಳೆಯ ಫೈಲಿನಲ್ಲಿ ಪೂರ್ತಿ ಇತ್ತು. ಹ್ಯಾಂಡೋವರ್‌ನಲ್ಲಿ ನನಗೆ ಸಿಕ್ಕಿದ್ದು ಒಂದು ಪುಟ. ಅದರಲ್ಲಿ 'ಪರ್ಸಿಕ್ಯುಟರಿ ಡಿಲ್ಯೂಷನ್, ಈಗ ಇಲ್ಲ' ಅಂತ ಒಂದೇ ಸಾಲು. ಯಾರೋ ತನಗೆ ಕೇಡು ಮಾಡುತ್ತಿದ್ದಾರೆ ಅನ್ನುವ ಭ್ರಮೆ ಅಂತ ಅದರ ಅರ್ಥ. ಎಚ್‌ಸಿಆರ್-20 (ಹಿಂಸೆಯ ಅಪಾಯ ಅಂದಾಜಿಸುವ ಫಾರ್ಮ್) ಬಿಡುಗಡೆಯ ದಿನ ತುಂಬಿದ್ದು, ಆಮೇಲೆ ಯಾರೂ ತೆರೆದಿರಲಿಲ್ಲ. ಫೈಲ್ ತರಿಸಿಕೊಳ್ಳಬಹುದಿತ್ತು. ತರಿಸಿಕೊಳ್ಳಲಿಲ್ಲ.

ನಮ್ಮ ಸಾಫ್ಟ್‌ವೇರ್ ಬಗ್ಗೆ ಹೇಳದೆ ಇರಲಾರೆ. ಮೂರು ಭೇಟಿ ತಪ್ಪಿದರೆ ಅದು 'ಸಹಕಾರ ಇಲ್ಲ, ಕೇಸ್ ಮುಚ್ಚಬಹುದೇ?' ಅಂತ ಕೇಳುತ್ತದೆ. ಯಾರು ಬರುವುದನ್ನು ನಿಲ್ಲಿಸಿದ್ದಾರೋ ಅವರ ಹಿಂದೆಯೇ ಜಾಸ್ತಿ ಓಡಬೇಕು ಅಲ್ವಾ? ಕಾಯಿಲೆ ಮರಳುವಾಗ ಎಷ್ಟೋ ಜನರಲ್ಲಿ ಮೊದಲು ಹೋಗುವುದು 'ನನಗೆ ಕಾಯಿಲೆ ಇದೆ' ಅನ್ನುವ ಅರಿವು. ಬಾರದಿರುವುದು ಬೇಜವಾಬ್ದಾರಿ ಅಲ್ಲ, ಲಕ್ಷಣ.

ಆ ಲೋಟಕ್ಕೆ ಬರುತ್ತೇನೆ. ಒಬ್ಬಳೇ ಹೋಗಿದ್ದೆ. ಅವರು ತೋರಿಸಿದ ಒಳಗಿನ ಕುರ್ಚಿಯಲ್ಲಿ ಕೂತಿದ್ದೆ. ಬಾಗಿಲಿಗೂ ನನಗೂ ನಡುವೆ ಅವರು. ಅಡುಗೆಮನೆಯ ಹೊಸ್ತಿಲಲ್ಲಿ ತಾಯಿ, ನನಗೆ ಮಾತ್ರ ಕಾಣುವ ಹಾಗೆ ತಲೆ ಅಲ್ಲಾಡಿಸುತ್ತಿದ್ದರು. ಕುಡಿಯಬೇಡಿ ಅಂತಲೋ, ಕುಡಿಯಿರಿ ಅಂತಲೋ ಗೊತ್ತಾಗಲಿಲ್ಲ. ಕುಡಿಯದಿದ್ದರೆ ವಿಷ ಇರುವುದು ನನಗೆ ಗೊತ್ತು ಅಂತಾಗುತ್ತದೆ. ಕುಡಿದರೂ ನಾನು ವಿಷ ಬೆರೆಸುವವರ ಕಡೆಯವಳೇ, ನನಗೆ ಏನೂ ಆಗುವುದಿಲ್ಲ ಅಂತಾಗುತ್ತದೆ. ಲೋಟಕ್ಕೆ ಚಾಚಿದ ಕೈ ನಡುವೆಯೇ ನಿಂತಿತು. "ನನಗೆ ಗೊತ್ತಿತ್ತು" ಅಂದರು ಅವರು.

ತರಬೇತಿಯ ಒಂದು ಮಾತೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ನಿಜ ಮಾತ್ರ. "ನನಗೆ ಹೆದರಿಕೆ ಆಗ್ತಿದೆ. ಬಾಗಿಲು ಹಾಕಿದೆ, ಅದಕ್ಕೇ. ತೆಗೀತೀರಾ?" ತುಂಬ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಚಿಲಕ ತೆಗೆದು ಪಕ್ಕಕ್ಕೆ ಸರಿದರು. "ನಂಗೂ ಹೆದರಿಕೆನೇ" ಅಂದರು.

ನಾನು ಹೊರಗೆ ಬಂದೆ. ತಾಯಿ ಒಳಗೇ ಉಳಿದರು.

ಕೂಡಲೇ ಸೂಪರ್‌ವೈಸರ್‌ಗೆ, ವಾರ್ಡಿಗೆ, ಪೊಲೀಸರಿಗೆ ಫೋನ್ ಮಾಡಿದೆ. ಯಾರು ಬರಬೇಕು ಅನ್ನುವ ಚರ್ಚೆಯಲ್ಲೇ 40 ನಿಮಿಷ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು. ತಾಯಿಯ ಕೈ ಎರಡು ಕಡೆ ಮುರಿದಿತ್ತು. ನಾನು ಎದ್ದಾಗ "ಅಮ್ಮಾ, ನೀವೂ ಬನ್ನಿ" ಅಂತ ಒಂದು ಮಾತು ಹೇಳಿದ್ದರೆ ಸಾಕಾಗುತ್ತಿತ್ತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಹಿಂಡುತ್ತದೆ.

ಆಮೇಲೆ ರಾತ್ರಿ ಕೂತು ಹಳೆಯ ಪ್ರಕರಣಗಳ ವಿಚಾರಣಾ ವರದಿ ಓದತೊಡಗಿದೆ. 1992ರಲ್ಲಿ ಲಂಡನ್ನಿನ ಒಂದು ರೈಲು ನಿಲ್ದಾಣದಲ್ಲಿ ಕ್ರಿಸ್ಟೋಫರ್ ಕ್ಲೂನಿಸ್ ಒಬ್ಬ ಅಪರಿಚಿತನನ್ನು ಕೊಂದ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದ ಅವನ ಹಿಂಸೆಯ ಇತಿಹಾಸ ಪೂರ್ತಿಯಾಗಿ ಯಾರ ಕೈಯಲ್ಲೂ ಇರಲಿಲ್ಲ. 2023ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಮೂವರನ್ನು ಕೊಂದ ವಾಲ್ಡೊ ಕ್ಯಾಲೊಕೇನ್‌ನನ್ನು ಹಿಂದಿನ ವರ್ಷ ಫಾಲೋಅಪ್ ತಂಡ ಪಟ್ಟಿಯಿಂದ ಬಿಟ್ಟಿತ್ತು. ಸಂಪರ್ಕಕ್ಕೆ ಸಿಗುತ್ತಿಲ್ಲ ಅನ್ನುವುದೇ ಕಾರಣ. ನಡುವೆ 30 ವರ್ಷ. ಓದುತ್ತಾ ನನ್ನ ಮೂರು 'ಸ್ಟೇಬಲ್' ಕಣ್ಣ ಮುಂದೆ ಬಂದವು.

ಇದನ್ನು ಓದಿ ಈ ಕಾಯಿಲೆ ಇದ್ದವರಿಗೆಲ್ಲ ಹೆದರಬೇಡಿ. ನಾನು ನೋಡಿಕೊಂಡವರಲ್ಲಿ ಬಹಳ ಜನ ಯಾರ ಮೇಲೂ ಕೈ ಎತ್ತಿದವರಲ್ಲ. ಹಿಂದಿನ ಹಿಂಸೆ, ಔಷಧ ನಿಂತದ್ದು, ಕುಡಿತ, ಒಬ್ಬರ ಮೇಲೆ ನೆಟ್ಟ ಭಯ, ಇವು ಒಟ್ಟಿಗೆ ಸೇರಿದಾಗ ಅಪಾಯ. ಆಗ ಮೊದಲು ಏಟು ತಿನ್ನುವವರು ಹೆಚ್ಚಾಗಿ ಮನೆಯವರೇ.

ವಿಚಾರಣೆಯಲ್ಲಿ ನಾನು ಒಬ್ಬಳೇ ಯಾಕೆ ಹೋದೆ ಅಂತ ಕೇಳಿದರು. ಸರಿಯಾದ ಪ್ರಶ್ನೆ. ತಾಯಿಯ ಎರಡು ಫೋನ್ ಎಲ್ಲಿ ದಾಖಲಾಗಿದೆ ಅಂತ ಯಾರೂ ಕೇಳಲಿಲ್ಲ. ಎಲ್ಲಿಯೂ ಆಗಿಲ್ಲ. ಮನೆಯವರ ಮಾತು ಬರೆಯಲು ನಮ್ಮ ಸಾಫ್ಟ್‌ವೇರ್‌ನಲ್ಲಿ ಜಾಗವೇ ಇಲ್ಲ. ಈಗ ನಾನು ಬೇರೆ ನೋಟ್‌ಬುಕ್ ಇಟ್ಟಿದ್ದೇನೆ. ಡಿಪೋ ಒಂದು ದಿನ ತಪ್ಪಿದರೂ ಮನೆಗೆ ಹೋಗುತ್ತೇವೆ, ಇಬ್ಬರು.

ಅವರು ಮತ್ತೆ ವಾರ್ಡಿನಲ್ಲಿದ್ದಾರೆ, ಇಂಜೆಕ್ಷನ್ ನಡೆಯುತ್ತಿದೆ. ಹೋದ ತಿಂಗಳು ಕೂತು, ಕಾಯಿಲೆ ಮರಳುವ ಗುರುತುಗಳನ್ನು ಒಟ್ಟಿಗೆ ಪಟ್ಟಿ ಮಾಡಿದೆವು. ಮೊದಲ ಸಾಲು ಅವರೇ ಬರೆದರು: ನೀರು. ತಾಯಿಯ ಮಾತಿಗೆ ಒಂದು ಕಾಲಂ ಬೇಕು ಅಂತ ನಾನು ಮೂರನೇ ಸಲ ಬರೆದುಕೊಟ್ಟಿದ್ದೇನೆ. ಇನ್ನು ಕೆಲವು ತಿಂಗಳಲ್ಲಿ ಅವರು ಮನೆಗೆ ಹೋಗುತ್ತಾರೆ. ಅಷ್ಟರೊಳಗೆ ಅದು ಬರಬೇಕು.